ಈಜುಕೊಳಕ್ಕೆ ಮಣ್ಣು

"ಏ ಹುಡ್ಗಾ, ಕಣ್ಣು ತಿಕದಲ್ಲಿ ಇಟ್ಕಂಡಿದ್ದೀಯೇನ್ಲಾ? ಇನ್ನೊಂದೀಟು ಹಿಂದಕ್ಕೆ ತಗಾ. ಚಕ್ರ ಅಂಚಿಗೆ ಬರ್ಬೇಕು."

ಹುಡುಗ ಅಂತ ಕರೆಸಿಕೊಂಡ ನನಗೆ ಆಗ ನಲವತ್ತು ದಾಟಿತ್ತು. ಕರೆದ ಬಿಳಿ ಮೇಸ್ತ್ರಿ ಟೇಟ್‌ಗೆ ಮೀಸೆ ಇನ್ನೂ ನೆಟ್ಟಗೆ ಚಿಗುರಿರಲಿಲ್ಲ.

"ಆಯ್ತು ದೊರೆ," ಎಂದು ಲಾರಿಯನ್ನು ಹಿಂದಕ್ಕೆ ಬಿಟ್ಟು ಹಿಡಿ ಎಳೆದೆ. ತೊಟ್ಟಿ ಮೇಲೆದ್ದಿತು. ಕೆಮ್ಮಣ್ಣು ಧೊಪ್ಪನೆ ನೀಲಿ ನೀರಿಗೆ ಬಿತ್ತು. ರಾಡಿ ಎಗರಿ, ಕಿಟಕಿಯಾಚೆ ಚಾಚಿದ್ದ ನನ್ನ ಮುಖಕ್ಕೇ ಬಡಿಯಿತು. ಟೇಟ್ ನಕ್ಕ.

ಮಿಸಿಸಿಪ್ಪಿಯ ನಮ್ಮ ಚಿಕ್ಕ ಪಟ್ಟಣಕ್ಕೆ ಇದ್ದದ್ದು ಅದೊಂದೇ ಈಜುಕೊಳ. ಪುರಸಭೆಯದು, ಇಳಿಯುವವರು ಬಿಳಿಯರು ಮಾತ್ರ. ಆ ಬೇಸಿಗೆಯಲ್ಲಿ ನ್ಯಾಯಾಲಯ, ಸೋಮವಾರದಿಂದ ಕರಿಯರನ್ನೂ ಬಿಡಬೇಕು ಎಂದಿತು. ಗುರುವಾರ ಪುರಸಭೆಯ ಹಿರಿಯರು ಸೇರಿ, ಹಾಗಿದ್ದರೆ ಕೊಳವೇ ಬೇಡ ಎಂದರು. ಶನಿವಾರ ಬೆಳಿಗ್ಗೆ ಮಣ್ಣು ಹೊತ್ತ ಲಾರಿಗಳು ಸಾಲುಗಟ್ಟಿದವು. ನೀರು ಖಾಲಿ ಮಾಡುವಷ್ಟು ವ್ಯವಧಾನವೂ ಅವರಿಗಿರಲಿಲ್ಲ. ಲಾರಿ ಓಡಿಸುವವರೆಲ್ಲ ಕರಿಯರೇ. ಮಣ್ಣಿನ ಕೆಲಸ, ಕಸದ ಕೆಲಸ ನಮಗಲ್ಲದೆ ಬೇರೆ ಯಾರಿಗೂ ಅಲ್ಲಿ ಕೊಡುತ್ತಿರಲಿಲ್ಲ.

ಆ ಕೊಳಕ್ಕೆ ನಾನು ಪ್ರತಿ ವರ್ಷ ಇಳಿದವನೇ. ಬೇಸಿಗೆಗೆ ಮೊದಲು ತಳ ಉಜ್ಜುವ ಕೆಲಸ ನನ್ನದು. ಒಣಗಿದ್ದಾಗ ಎಷ್ಟು ಹೊತ್ತಾದರೂ ಒಳಗಿರಬಹುದು. ನೀರು ಬಿಟ್ಟರೆಂದರೆ ಮೇಲೆ ಹತ್ತಿಬಿಡಬೇಕು.

ನನ್ನ ಹೆಂಡತಿ ವರ್ಡೆಲ್, ವಿಟ್ಲೋ ಎಂಬ ಬಿಳಿ ಅಮ್ಮನವರ ಮನೆಯಲ್ಲಿ ಕೆಲಸಕ್ಕಿದ್ದಳು. ಆ ಮನೆಯ ಮಕ್ಕಳನ್ನು ಈಜಿಗೆ ಕರೆತರುವುದೂ ಅವಳೇ. ಬಿಳಿ ಸಮವಸ್ತ್ರ ತೊಟ್ಟು ಬಿಳಿ ಮಗುವಿನ ಕೈ ಹಿಡಿದಿದ್ದರೆ ಕರಿಯ ಹೆಂಗಸು ಗೇಟು ದಾಟಿ ಬಂದು ಅಂಚಿನಲ್ಲಿ ಕೂರಬಹುದಿತ್ತು. ಒಂದು ದಿನ ಸಣ್ಣ ಹುಡುಗ ನೀರು ಕುಡಿದು ಕೆಮ್ಮತೊಡಗಿದಾಗ ಇವಳು ಮೆಟ್ಟಿಲಿಗೆ ಕಾಲಿಟ್ಟು ಅವನ ರಟ್ಟೆ ಹಿಡಿದು ಎಳೆದುಕೊಂಡಳು. ಸೀಟಿ ಊದಿದರು. ನೀರಲ್ಲಿದ್ದವರೆಲ್ಲ ಎದ್ದು ಹೊರಬಂದರು. ಮೈಲಿಗೆಯಾದ ನೀರನ್ನೆಲ್ಲ ಹರಿಯಬಿಟ್ಟರು. ಮಾರನೆಯ ದಿನ ತಳಕ್ಕೆಲ್ಲ ಔಷಧಿ ಸುರಿದು, ಮೆಟ್ಟಿಲನ್ನು ಎರಡೆರಡು ಸಲ ತಿಕ್ಕಿದವನು ನಾನು.

ಮನೆಗೆ ಬಂದಾಗ ವರ್ಡೆಲ್ ಒಲೆಯ ಮುಂದಿನಿಂದ ತಿರುಗದೇ ಕೇಳಿದಳು, "ಹೋಯ್ತಾ ನನ್ನ ಕಾಲು? ಇನ್ನೂ ಅಲ್ಲೇ ಅಂಟ್ಕಂಡೈತಾ?"

ನಮ್ಮ ಮಕ್ಕಳಿಗೆ ಸೆಕೆಯಾದರೆ ಹೊಳೆಯೇ ಗತಿ. ನಮ್ಮ ಹಿರಿಯ ಮಗ ಜೂನಿಯಸ್ ಒಂದು ಜುಲೈ ತಿಂಗಳಲ್ಲಿ ಹೊಳೆಗೆ ಹೋದವನು ಹೆಣ ಹುಡುಕುವವರ ಕೊಕ್ಕೆಗೆ ಸಿಕ್ಕಿ ಮೇಲೆ ಬಂದ. ಅಂದಿನಿಂದ ಮಗಳು ಅರ್ಲೀನ್ ಹೊಳೆಯ ದಾರಿ ತುಳಿಯದಂತೆ ವರ್ಡೆಲ್ ಕಾವಲಿದ್ದಳು. ನ್ಯಾಯಾಲಯದ ಸುದ್ದಿ ಬಂದಾಗ ಅವಳು ಹಳೆ ಪರದೆ ಕತ್ತರಿಸಿ ಮಗಳಿಗೆ ಈಜುಡುಗೆ ಹೊಲಿದಳು. "ಕಲೀಲಿ. ಒಬ್ಳಾದ್ರೂ ಕಲೀಲಿ," ಎಂದಳು.

ಮಣ್ಣು ಹೊರುವ ಆಜ್ಞೆ ಬಂದ ಶುಕ್ರವಾರ ಸಂಜೆ ನಾನು ಊಟಕ್ಕೆ ಕೂತು, ಮೆಕ್ಕೆಜೋಳದ ರೊಟ್ಟಿ ಮುರಿಯುತ್ತ ವಿಷಯ ಹೇಳಿದೆ.

"ನೀನೇ ಸುರೀತೀಯಾ?"

"ನಾನಲ್ದಿದ್ರೆ ಇನ್ನೊಬ್ಬ ಸುರೀತಾನೆ. ನನ್ನ ಕೆಲ್ಸ ಹೋಯ್ತದೆ ಅಷ್ಟೆ."

"ಆ ಇನ್ನೊಬ್ಬನ ಮಗ ಹೊಳೇಲಿ ಸತ್ತಿಲ್ಲ ಕಣೋ."

ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಬೆಳಿಗ್ಗೆ ಎದ್ದು ಲಾರಿ ಹತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಆಳವಿದ್ದ ಕಡೆ ತುಂಬಿ ದಿಬ್ಬವಾಗಿತ್ತು. ಮೆಟ್ಟಿಲಿನ ಕಡೆ ಮಾತ್ರ ಸೊಂಟಮಟ್ಟದ ಕೆಂಪು ನೀರು ಉಳಿದಿತ್ತು. ಬಿಳಿಯರ ಚರ್ಚಿನ ಪಾದ್ರಿ ನೋಡಲು ಬಂದರು. ಪುರಸಭೆಯಲ್ಲಿ ಅವರೂ ಒಬ್ಬರು. ಲಾರಿಯ ನೆರಳಲ್ಲಿ ಕೂತಿದ್ದ ನಾವು ಎದ್ದು ಟೋಪಿ ತೆಗೆದೆವು.

"ಯಾರ ಮೇಲಿನ ದ್ವೇಷಕ್ಕೂ ಇದನ್ನ ಮಾಡ್ತಿಲ್ಲ, ತಿಳ್ಕೊಳಿ," ಎಂದರು ಪಾದ್ರಿ ಮೆತ್ತಗೆ. "ಊರಲ್ಲಿ ಗಲಾಟೆ ಆಗ್ಬಾರ್ದು ಅಷ್ಟೆ. ನಿಮ್ಮ ಮಕ್ಕಳಿಗೇನು ಕಮ್ಮಿ? ದೇವರು ಅಷ್ಟು ದೊಡ್ಡ ಹೊಳೆ ಕೊಟ್ಟಿದ್ದಾನೆ."

ಕೈಯಲ್ಲಿದ್ದ ಟೋಪಿಯನ್ನು ಹಿಂಡುತ್ತ ನಿಂತೆ. ಅವರು ಹೋದ ಮೇಲೆ ಹಿಂದಿನ ಲಾರಿಯ ಕ್ಲಿಯೋಫಸ್ ಉಗಿದ.

"ಹೊಳೆ ನಮಗೆ, ಕೊಳ ಅವ್ರಿಗೆ. ಈಗ ಅವ್ರದ್ದನ್ನ ಅವ್ರೇ ಹೂತ್ಕಂತಾವ್ರೆ. ಬೋಳಿಮಕ್ಳು, ತಾವೂ ತಿನ್ನಲ್ಲ, ಇನ್ನೊಬ್ರಿಗೂ ಬಿಡಲ್ಲ. ಏನಂತೀಯ ಓಥಣ್ಣ?"

"ಮುಚ್ಕಂಡು ಲಾರಿ ಹತ್ತು," ಎಂದೆ.

ಮುಂದಿನ ಹೊರೆ ಮೆಟ್ಟಿಲಿನ ಕಡೆಗೆ. ಲಾರಿಯನ್ನು ಅಂಚಿಗೆ ತಂದು ನಿಲ್ಲಿಸಿದ್ದೆ. ಆಗ ಮುಂದಿನ ಗೇಟಿನಿಂದ ವರ್ಡೆಲ್ ಬರುವುದು ಕಾಣಿಸಿತು. ಕೆಲಸದ ಮನೆಯ ಬಿಳಿ ಸಮವಸ್ತ್ರದಲ್ಲೇ ಇದ್ದಳು. ಅವಳ ಕೈ ಹಿಡಿದು, ಪರದೆಬಟ್ಟೆಯ ಈಜುಡುಗೆಯಲ್ಲಿ ಅರ್ಲೀನ್. ರಸ್ತೆಯುದ್ದಕ್ಕೂ ಅದೇ ಉಡುಗೆಯಲ್ಲಿ ನಡೆಸಿಕೊಂಡು ಬಂದಿದ್ದಳು.

ಟೇಟ್ ಆಕೆಯ ಹಿಂದೆ ಮುಂದೆ ನೋಡಿದ, ಬಿಳಿ ಮಗು ಎಲ್ಲಾದರೂ ಇದೆಯೇ ಎಂದು.

"ಏ ಹೆಣ್ಣೇ, ಯಾರ ಮನೆ ಮಗೂನ ಕರ್ಕಂಡು ಬಂದಿದ್ದೀಯ?"

"ನನ್ನ ಮನೇದು," ಎಂದಳು ವರ್ಡೆಲ್, ನಡೆಯುತ್ತಲೇ.

"ಕೊಳ ಮುಚ್ಚೈತೆ."

"ಇನ್ನೂ ಪೂರ್ತಿ ಮುಚ್ಚಿಲ್ಲ."

ಮೆಟ್ಟಿಲ ಮೇಲೆ ಕಾಲಿಟ್ಟಳು. ಬೂಟು ಬಿಚ್ಚಲಿಲ್ಲ. ಒಂದೊಂದೇ ಮೆಟ್ಟಿಲಿಳಿದು ನೀರಿನಲ್ಲಿ ನಿಂತಳು. ಸಮವಸ್ತ್ರ ಸೊಂಟದವರೆಗೂ ಕೆಂಪಾಯಿತು. ಮಗಳ ಎದೆಮಟ್ಟ ನೀರು. ಅರ್ಲೀನ್ ತುಟಿ ಕಚ್ಚಿಕೊಂಡಿದ್ದಳು.

ಟೇಟ್ ನನ್ನ ಕಿಟಕಿಯ ಬಳಿ ಓಡಿಬಂದ. "ಸುರಿ."

"ನನ್ನ ಹೆಂಡ್ತಿ ದೊರೆ. ನನ್ನ ಮಗಳು."

"ಸುರಿಯೋ ಅಂದೆ. ಮಣ್ಣು ಬೀಳ್ತಿದ್ದಂಗೆ ಹಂದಿ ತರ ಎದ್ದು ಓಡ್ತಾರೆ. ಸುರೀದಿದ್ರೆ ನಾಳೆಯಿಂದ ಈ ಊರಲ್ಲಿ ನಿಂಗೆ ಕಕ್ಕಸು ತೊಳೆಯೋ ಕೆಲ್ಸಾನೂ ಸಿಗಲ್ಲ, ನೋಡ್ಕ."

ನನ್ನ ಕೈ ತೊಟ್ಟಿ ಎತ್ತುವ ಹಿಡಿಯ ಮೇಲಿತ್ತು. ವರ್ಡೆಲ್ ನೀರಿನಿಂದ ನನ್ನನ್ನೇ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ಕೈ ಮುಗಿಯಲಿಲ್ಲ. ಸುಮ್ಮನೆ ನೋಡುತ್ತಿದ್ದಳು, ಇವನು ಎಂಥವನು ಎಂದು ಈವತ್ತು ತೀರ್ಮಾನ ಆಗಿಹೋಗಲಿ ಎನ್ನುವಂತೆ.

ಎಂಜಿನ್ ಆರಿಸಿದೆ.

"ಆಗಲ್ಲ," ಎಂದೆ. ದೊರೆ ಎಂಬ ಮಾತು ಬಾಯಿಗೆ ಬರಲಿಲ್ಲ.

ಟೇಟ್‌ನ ಮುಖ ಕೆಮ್ಮಣ್ಣಾಯಿತು. ಹಿಂದಿನ ಲಾರಿಯ ಕಡೆ ತಿರುಗಿ, "ಏ ಕ್ಲಿಯೋಫಸ್, ನೀನು ಬಾ, ನೀನು ಸುರಿ," ಎಂದ.

ಕ್ಲಿಯೋಫಸ್ ಕಿಟಕಿಯಿಂದ ತಲೆ ಹೊರಹಾಕಿದ. "ದಾರೀಗೆ ಅಡ್ಡ ಇವ್ನ ಲಾರಿ ನಿಂತೈತೆ ದೊರೆ. ಹಾರ್ಕಂಡು ಹೋಗಕ್ಕೆ ನನ್ನ ಲಾರೀಗೆ ರೆಕ್ಕೆ ಕೊಡ್ಸಿಲ್ವಲ್ಲ ನೀವು."

ಟೇಟ್ ಪೊಲೀಸರಿಗೆ ಫೋನು ಮಾಡಲು ಟಿಕೆಟು ಕೋಣೆಯತ್ತ ಓಡಿದ. ನಾನು ಲಾರಿಯಿಂದಿಳಿದು ಮೆಟ್ಟಿಲ ಕಡೆ ನಡೆದೆ. ನೀರು ಬೆಚ್ಚಗಿತ್ತು. ಒಳಗಡೆ ನಾನೇ ಸುರಿದ ಮಣ್ಣು ಬೂಟಿನಡಿ ಜಾರಿತು. ವರ್ಡೆಲ್ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ಬೈಯಲೂ ಇಲ್ಲ, ನಗಲೂ ಇಲ್ಲ.

ಅರ್ಲೀನ್ ಅಂಗೈಯಿಂದ ನೀರನ್ನು ಮೆಲ್ಲಗೆ ಒಮ್ಮೆ ತಟ್ಟಿದಳು. ಆಮೇಲೆ ಅಮ್ಮನ ಕೈ ಬಿಟ್ಟಳು.

"ಅಪ್ಪಾ, ಈಜೋದು ಹೆಂಗೆ? ಮೊದ್ಲು ಕೈ ಆಡಿಸ್ಬೇಕಾ, ಕಾಲಾ?"

ಅಂಚೆ ಕಚೇರಿಯ ತಿರುವಿನಲ್ಲಿ ಪೊಲೀಸ್ ಗಾಡಿಯ ಸೈರನ್ ಕೇಳಿಸಿತು. ನಾನು ವರ್ಡೆಲಳ ಮುಖ ನೋಡಿದೆ. ಅವಳು, ಲಾರಿಯಿಂದಿಳಿದು ಅಂಚಿಗೆ ಬಂದು ನಿಂತಿದ್ದ ಕ್ಲಿಯೋಫಸ್‌ನ ಮುಖ ನೋಡಿದಳು. ಅವನು ಇಲ್ಲವೆಂಬಂತೆ ತಲೆಯಾಡಿಸಿದ.

ನಮ್ಮಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ.