ತಡೆಯುವ ಕೋಶಗಳ ಸದ್ದು ಕೇಳಿದವರು

ಪ್ರಯೋಗಶಾಲೆಯಲ್ಲಿ ಉಳಿದವರೆಲ್ಲ ಪರದೆಯನ್ನೇ ನುಂಗುವಂತೆ ನೋಡುತ್ತಿದ್ದರೆ, ಪ್ರಾಧ್ಯಾಪಕಿಯೊಬ್ಬರು ಮಾತ್ರ ಪರದೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಗೋಡೆ ಏನೋ ಗುಟ್ಟು ಹೇಳುತ್ತಿದೆಯೇನೋ ಎಂಬಂತೆ ಕತ್ತು ವಾಲಿಸಿ ಕುಳಿತಿರುತ್ತಿದ್ದರು. ಬೆನ್ನುಹುರಿಯೊಳಗಿನ ನರಕೋಶವೊಂದು ಮಿಡಿದಾಗಲೆಲ್ಲ ಧ್ವನಿವರ್ಧಕ ಚಟ್ ಎನ್ನುತ್ತಿತ್ತು. ಆ ಚಟಪಟದಿಂದಲೇ ಮಾತಾಡಿದ ಕೋಶ ಯಾವುದೆಂದು ಅವರು ಹೇಳಿಬಿಡುತ್ತಿದ್ದರಿಂದ ವಿಭಾಗಕ್ಕೆಲ್ಲ ಅವರು ಕಿವಿಯಮ್ಮ. ಎದುರಿಗೆ ಮಾತ್ರ ಮೇಡಂ. ಅಂಥ ಕಿವಿ ತನಗಿದ್ದಿದ್ದರೆ ಹೆಂಡತಿ ಮನಸ್ಸಿನಲ್ಲಿ ಬೈದುಕೊಳ್ಳುವುದೂ ಕೇಳಿಸಿ ಸಂಸಾರ ಕೆಡುತ್ತಿತ್ತೆಂದು ಉಪಕರಣ ನೋಡಿಕೊಳ್ಳುವ ತಂತ್ರಜ್ಞ ನಗುತ್ತಿದ್ದ.

ಅವರ ಬಿಳಿ ಕೋಟಿನ ಎಡ ಜೇಬು ಸ್ಕ್ರೂಡ್ರೈವರು, ತಂತಿಚೂರು, ಅರ್ಧ ತಿಂದ ಬಿಸ್ಕತ್ತುಗಳ ಭಾರಕ್ಕೆ ಜೋತುಬಿದ್ದು ಇಡೀ ಮೈಯೇ ಒಂದು ಕಡೆ ವಾಲಿದಂತೆ ಕಾಣುತ್ತಿತ್ತು. ನಡಿಗೆಯೋ, ಹಿಂದಿನಿಂದ ಯಾರೋ ದಬ್ಬಿದಂಥ ರಭಸ. ತಲೆಗೆ ಏನಾದರೂ ಹೊಳೆಯಿತೋ, ಓಣಿಯ ನಟ್ಟನಡುವೆ ಗಕ್ಕನೆ ನಿಂತುಬಿಡುವರು, ಹಿಂದೆ ಬರುತ್ತಿದ್ದವರು ಅವರ ಬೆನ್ನಿಗೆ ಡಿಕ್ಕಿ ಹೊಡೆಯುವರು. ಯಾರು ಏನು ಹೇಳಿದರೂ ಅವರದೊಂದೇ ಮಾತು: "ಸರಿ, ಆಮೇಲೆ?" ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಹೊಸದಾಗಿ ತಾಯಿಯಾದವಳು, ರಾತ್ರಿಯೆಲ್ಲ ಮಗುವಿಗೆ ಜ್ವರವಿತ್ತೆಂದು ಕಣ್ಣು ತುಂಬಿಕೊಂಡಾಗಲೂ ಅದೇ ಉತ್ತರ ಬಂದು, ಆಕೆ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದಳು.

ಆ ಹುಡುಗಿಯ ಪ್ರಬಂಧ ಮುಗಿಯುತ್ತ ಬಂದಿತ್ತು. ಸ್ನಾಯು ಸಂಕುಚಿಸುವಾಗ ಅದಕ್ಕೆ ಅಪ್ಪಣೆ ಕೊಡುವ ನರಗಳನ್ನು ತಡೆಯುವ ಕೋಶಗಳು ತೆಪ್ಪಗಿರುತ್ತವೆ ಎಂಬುದು ಅದರ ತಿರುಳು. ಓಡು ಎಂದು ಹೇಳುತ್ತಲೇ ಯಾರಾದರೂ ಕಾಲು ಕಟ್ಟುತ್ತಾರೆಯೇ? ಹಾಗಾಗಿ ಪ್ರತಿ ಸಂಕೋಚನದ ಜೊತೆಗೂ ಕೇಳಿಬರುತ್ತಿದ್ದ ಚಟಪಟವನ್ನು ಸ್ನಾಯುವಿನದೇ ವಿದ್ಯುತ್ ಗದ್ದಲವೆಂದು ಬಗೆದು, ಕಸ ಗುಡಿಸಿದಷ್ಟು ಶ್ರದ್ಧೆಯಿಂದ ದಾಖಲೆಯಿಂದ ತೆಗೆದುಹಾಕಿದ್ದಳು. ಆ ವಿಭಾಗದಲ್ಲಿ ಯಾರಾದರೂ ಹಾಗೆಯೇ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ಕಿವಿಯಮ್ಮ ಗುಡಿಸದ ದಾಖಲೆಯನ್ನು ಹಾಕಿಸಿ ಕೇಳಿದರು. ಮತ್ತೆ ಕೇಳಿದರು. ಆಮೇಲೆ ಕಣ್ಣು ಬಿಟ್ಟರು.

"ಸ್ನಾಯು ಸರಸರ ಅನ್ನತ್ತೆ ಕಣೇ. ಇದು ಚಟ್ ಚಟ್ ಅಂತಿದೆ. ಇದು ತಡೆಕೋಶ."

ಹುಡುಗಿ ಪ್ರಬಂಧದ ಪುಟಗಳನ್ನು ಮನಸ್ಸಿನಲ್ಲೇ ತಿರುವಿದಳು. ಇದು ನಿಜವಾದರೆ ಪ್ರಬಂಧದಲ್ಲಿ ಉಳಿಯುವುದು ಮೊದಲ ಪುಟದ ಕೃತಜ್ಞತೆಯೊಂದೇ. ಮಗುವನ್ನು ಪರರ ಕೈಗೊಪ್ಪಿಸಿ ದುಡಿದದ್ದೆಲ್ಲ ನೀರುಪಾಲೇ? ಪರೀಕ್ಷೆ ಮಾತ್ರ ಸರಳ. ತಟ್ಟೆಯ ಉಪ್ಪುನೀರಿನಲ್ಲಿ ಆಮೆಯ ಬೆನ್ನುಹುರಿ. ನರವೊಂದರ ತುದಿಗೆ ಇನ್ನೂ ಅಂಟಿಕೊಂಡ ಕಾಲಿನ ಸ್ನಾಯು. ನರದ ಮಾತು ಸ್ನಾಯುವಿಗೆ ಕೇಳಿಸದಂತೆ ಮಾಡುವ ಔಷಧ ಹಾಕಬೇಕು. ಬೆನ್ನುಹುರಿ 'ಎಳೆ' ಎಂದು ಕೂಗುತ್ತಲೇ ಇರುತ್ತದೆ, ಸ್ನಾಯು ಮಿಸುಕುವುದಿಲ್ಲ. ಆಗಲೂ ಆ ಸದ್ದು ಬಂದರೆ ಅದು ಸ್ನಾಯುವಿನದಲ್ಲ.

ಔಷಧ ಬಿಟ್ಟವಳು ಹುಡುಗಿಯೇ. ಸದ್ದು ನಿಲ್ಲಲಿ, ದಯವಿಟ್ಟು ನಿಲ್ಲಲಿ ಎಂದು ಒಳಗೊಳಗೇ ಬೇಡಿಕೊಂಡಳು. ಸ್ನಾಯು ನಿಂತಿತು. ನರಕ್ಕೆ ಹಾಕಿದ ತಂತಿಯಲ್ಲಿ ಅಪ್ಪಣೆಯ ಅಲೆ ಏರಿತು. ಅದು ಏರಿದಂತೆಲ್ಲ, ಅದರ ಹೆಗಲಿಗೆ ಹೆಗಲು ಕೊಟ್ಟು, ಧ್ವನಿವರ್ಧಕದಲ್ಲಿ ತಡೆಕೋಶವೂ ಬಾಣಲೆಯ ಸಾಸಿವೆಯಂತೆ ಸಿಡಿಯತೊಡಗಿತು. ಅಲೆ ಇಳಿಯಿತು, ಸಿಡಿತವೂ ಇಳಿಯಿತು. ಮತ್ತೆ ಏರಿತು, ಮತ್ತೆ ಸಿಡಿಯಿತು. ತಂತ್ರಜ್ಞ ಕೈಯಲ್ಲಿದ್ದ ಚಹಾ ಮರೆತ. 'ಎಳೆ' ಎನ್ನುವ ದನಿ, 'ತಾಳು' ಎನ್ನುವ ದನಿ, ಎರಡೂ ಒಟ್ಟಿಗೇ ಜೋರಾಗುತ್ತಿದ್ದವು.

ಕಿವಿಯಮ್ಮ ಎದ್ದು ನಿಂತು ಗೋಡೆಯನ್ನೊಮ್ಮೆ ತಟ್ಟಿ, ಹುಡುಗಿಯ ಕಡೆ ತಿರುಗಿದರು. ಮುಖದ ತುಂಬ ಬೆಳಕು.

"ಮಗೂನ ತೊಟ್ಟಿಲಿಂದ ಎತ್ತೋವಾಗ ಬರೀ ಎತ್ತುತೀಯಾ? ಜೊತೇಲೇ ಕೈನ ತಡೆದು ಹಿಡಿಯಲ್ವಾ? ತಡೀದೇ ಇದ್ರೆ ಸೂರಿಗೆ ಹೋಗಿ ಬಡಿಯತ್ತೆ ಅದು."

"ಹಂಗಾದ್ರೆ ನನ್ನ ಪ್ರಬಂಧ, ಮೇಡಂ?"

"ಅದು ಹೋಯ್ತು," ಎಂದರು ಕಿವಿಯಮ್ಮ, ಒಂದಿಷ್ಟೂ ತಡವರಿಸದೆ. "ಬಾ, ಕೂತ್ಕೋ. ಪಕ್ಕದ ಕೋಶ ಏನಂತದೆ ಕೇಳೋಣ, ಬೇಗ, ಔಷಧದ ಕಸುವು ಇಳಿಯೋಕ್ಮುಂಚೆ."

ಹುಡುಗಿ ಅಳಬೇಕೆಂದೇ ಕುಳಿತಳು. ಆದರೆ ಕೋಶದ ಸದ್ದು ಹಿಡಿಯುವ ಸೂಜಿಯನ್ನು ಕೂದಲೆಳೆಯಷ್ಟು ಸರಿಸುವ ತಿರುಪು ಆಗಲೇ ಅವಳ ಬೆರಳಿಗೆ ಬಂದಿತ್ತು. ಹೊಸ ಕೋಶವೊಂದು ಚಟ್ ಎಂದಿತ್ತು. ಅವಳಿಗೇ ತಿಳಿಯದಂತೆ ಅವಳ ಕಣ್ಣೂ ಮುಚ್ಚಿತ್ತು.

ಇಂಥವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ಹೆಗಲು ಸವರುವುದು, ಎಲ್ಲ ಸರಿಹೋಗುತ್ತದೆ ಎನ್ನುವುದು ಅವರ ಪಾಠದಲ್ಲೇ ಇಲ್ಲ. ನಮ್ಮ ಮನೆ ಕುಸಿದ ಸದ್ದನ್ನೂ ಅವರು ಬಾಗಿಲು ತೆರೆದ ಸದ್ದೆಂದೇ ಕೇಳುತ್ತಾರೆ. ಆ ಬಾಗಿಲಲ್ಲಿ ಒಬ್ಬರೇ ನುಗ್ಗಿದರೆ ಅವರನ್ನು ಕಠಿಣ ಹೃದಯದವರೆನ್ನಬಹುದಿತ್ತು, ಆದರೆ ಪ್ರತಿ ಸಲವೂ ಅಳುತ್ತಿರುವವರ ಕೈ ಹಿಡಿದುಕೊಂಡೇ ನುಗ್ಗುತ್ತಾರೆ.