ಕಾಲರ್ ಆದ ಚೀಟಿ

ಶುಲ್ಕಕ್ಕೆ ಮುನ್ನೂರು ಅಂಗಿ. ಬಸ್ಸಿಗೆ ತೊಂಬತ್ತು. ಟೈ, ಬೂಟು, ಬ್ಯಾಗಿಗೆ ಇಪ್ಪತ್ತು. ಟೈಲರಣ್ಣನ ಲೆಕ್ಕ ಯಾವತ್ತೂ ಅಂಗಿಯಲ್ಲೇ. ಮಗಳನ್ನು ಖಾಸಗಿ ಶಾಲೆಗೆ ಸೇರಿಸಬೇಕಾದರೆ ವರ್ಷಕ್ಕೆ ನಾನೂರ ಹತ್ತು ಅಂಗಿ ಹೆಚ್ಚಿಗೆ ಹೊಲಿಯಬೇಕು. ಇಲ್ಲವೇ ಹೆಂಡತಿಯ ಮಶೀನು ಮಾರಬೇಕು.

"ಮಶೀನ್ ಮಾರಿ ನನ್ನನ್ನ ಗುಂಡಿ ಹಚ್ಚೋಕೆ ಕೂರಿಸ್ತೀರಾ?" ಎಂದಳು ಹೆಂಡತಿ.

"ಇನ್ನೇನ್ ಮಾಡ್ಲಿ? ಮೂರನೇ ಕ್ಲಾಸಿಗೆ ಬಂದ್ರೂ ಉಕ್ತಲೇಖನದಲ್ಲಿ ಸೊನ್ನೆ. ಸರ್ಕಾರಿ ಶಾಲೆ ಹಣೆಬರಹಾನೇ ಇಷ್ಟು!"

ಹರಿದ ಸೀಟು ಕವರ್ ಹೊಲಿಸಲು ಬಂದಿದ್ದ ವ್ಯಾನಕ್ಕ ಬಾಗಿಲಲ್ಲೇ ನಿಂತಳು. ವಲಯದ ಹನ್ನೊಂದು ಸರ್ಕಾರಿ ಶಾಲೆಗಳಿಗೆ ಪುಸ್ತಕದ ಪೆಟ್ಟಿಗೆ ಸಾಗಿಸುವ ವ್ಯಾನು ಅವಳದು.

"ಬೋರ್ಡ್ ನೋಡ್ಕೊಂಡು ಬರೀತಾಳಾ ಅಣ್ಣಾ?"

"ಮುತ್ತು ಪೋಣಿಸಿದ ಹಾಗೆ ಬರೀತಾಳೆ."

"ಹಂಗಾದ್ರೆ ಕೈ ಸರಿಯಾಗಿದೆ, ತಲೆ ಸರಿಯಾಗಿದೆ. ಕಿವಿ ತೋರಿಸಿದ್ರಾ?"

"ಬೇಕಾದ್ದು ಕೇಳ್ಸುತ್ತೆ, ಬೇಡದ್ದು ಕೇಳ್ಸಲ್ಲ. ಎಲ್ಲಾ ಅವರಮ್ಮನ ಹಾಗೇ!"

ವ್ಯಾನಕ್ಕ ನಗಲಿಲ್ಲ. "ನಮ್ಮ ವಲಯಕ್ಕೆ ಕಿವಿ ಪರೀಕ್ಷೆ ಮಾಡೋ ಟೀಚರ್ ಒಬ್ರಿದ್ದಾರೆ. ಹನ್ನೊಂದು ಶಾಲೆಗೂ ನನ್ನ ವ್ಯಾನಲ್ಲೇ ಸುತ್ತುತ್ತಾರೆ. ಒಂದು ಶಾಲೇಲಿ ಲ್ಯಾಬಿದೆ, ಇನ್ನೊಂದ್ರಲ್ಲಿ ಮೈದಾನ ಇದೆ, ಎಲ್ಲಾ ಮಕ್ಕಳೂ ಸರದಿ ಮೇಲೆ ಹೋಗಿ ಬರ್ತಾರೆ. ನೀವು ನೋಡಿರೋದು ಉದುರಿದ ಬಣ್ಣ ಒಂದೇ. ಸಹಿ ಬೇಕು ಅಂತ ಹೋದ ವರ್ಷಾನೇ ಚೀಟಿ ಕಳ್ಸಿದ್ರಲ್ಲ?"

"ನನಗ್ಯಾವ ಚೀಟೀನೂ ಬಂದಿಲ್ಲಮ್ಮ."

ಏನೋ ನೆನಪಾಗಿ ಹೆಂಡತಿ ಎದ್ದು, ಮೊಳೆಗೆ ತೂಗುಹಾಕಿದ್ದ ಕಾಗದದ ಕಾಲರ್ ಅಚ್ಚನ್ನು ತೆಗೆದು ಅವನ ಮುಂದಿಟ್ಟಳು. ಅದರ ಹಿಂಬದಿಯಲ್ಲಿ "ಶ್ರವಣ ಪರೀಕ್ಷೆಗೆ ಪೋಷಕರ ಒಪ್ಪಿಗೆ" ಎಂದಿತ್ತು. ದಿನಾಂಕ ಕತ್ತರಿಯ ಪಾಲಾಗಿತ್ತು. ತೋಳುಪಟ್ಟಿಯ ಅಚ್ಚಿನಲ್ಲಿ ಪೋಷಕರ ಸಭೆಯ ಕರೆಯಿತ್ತು.

"ಚಂದಾ ಕೇಳಿರ್ತಾರೆ ಅಂದ್ಕೊಂಡೆ," ಎಂದ ಟೈಲರಣ್ಣ ಮೆಲ್ಲಗೆ. "ಕಾಗದ ಬೇರೆ ದಪ್ಪಗಿತ್ತು."

"ಚೆನ್ನಾಗಿದೆ! ವರ್ಷದಿಂದ ಮಗಳ ಚೀಟಿ ಇಟ್ಟು ಊರವರ ಕುತ್ತಿಗೆಗೆ ಕಾಲರ್ ಕತ್ತರಿಸಿದ್ದೀರಿ," ಎಂದಳು ವ್ಯಾನಕ್ಕ. "ಖಾಸಗಿ ಶಾಲೆ ಕೆಟ್ಟದು ಅನ್ನಲ್ಲ ಅಣ್ಣಾ. ಆದ್ರೆ ಅಲ್ಲಿಗೂ ಇದೇ ಕಿವೀನೇ ತಾನೇ ಹೋಗೋದು?"

"ಆ ಟೀಚರ್ ನಮ್ಮ ಶಾಲೆಗೆ ಯಾವತ್ತು ಬರ್ತಾರೆ?" ಎಂದು ಕೇಳಿದ ಟೈಲರಣ್ಣ.

ಬುಧವಾರ ಅಂಗಡಿಗೆ ಬೀಗ ಹಾಕಿ ಗಂಡ ಹೆಂಡತಿ ಇಬ್ಬರೂ ಶಾಲೆಗೆ ಹೋದರು. ಟೀಚರ್ ಮಗಳನ್ನು ಬೆನ್ನು ತಿರುಗಿಸಿ ಕೂರಿಸಿ, ಒಂದೊಂದೇ ಸದ್ದು ಕೇಳಿಸಿದರು. ಬಲಗಿವಿಗೆ ಕೇಳಿದಾಗೆಲ್ಲ ಹುಡುಗಿ ಕೈ ಎತ್ತಿದಳು. ಎಡಗಿವಿಯ ಸರದಿ ಬಂದಾಗ ಕೈ ಮಡಿಲಲ್ಲೇ ಉಳಿಯಿತು. ಟೈಲರಣ್ಣ ಕೊರಳಿನ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೂತ. ಎಷ್ಟು ಸಲ ಎಡಗಡೆಯಿಂದ ಕೂಗಿ, ಓಗೊಡಲಿಲ್ಲವೆಂದು ಬೈದಿದ್ದನೋ!

ಕೊನೆಯ ಬೆಂಚಿನಲ್ಲಿ ಎಡಗಿವಿ ಟೀಚರ್ ಕಡೆಗಾಗುವಂತೆ ಕೂರುತ್ತಿದ್ದವಳಿಗೆ ಅವತ್ತೇ ಮುಂದಿನ ಬೆಂಚು ಸಿಕ್ಕಿತು. ವೈದ್ಯರು ನೋಡಿದ ಮೇಲೆ, ಎರಡು ತಿಂಗಳಲ್ಲಿ ವಲಯದ ಕಚೇರಿಯಿಂದ ಶ್ರವಣ ಯಂತ್ರ ಬಂತು. ಮುಂದಿನ ಉಕ್ತಲೇಖನದಲ್ಲಿ ಹತ್ತಕ್ಕೆ ಎಂಟು.

ನಿಮ್ಮ ಮಗುವಿನ ಚೀಲದಲ್ಲೂ ಇವತ್ತೊಂದು ಚೀಟಿ ಇರಬಹುದು. ತೆಗೆದು ಓದಿ. ಓದಲು ಬಾರದಿದ್ದರೆ ಯಾರಿಂದಲಾದರೂ ಓದಿಸಿ ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ. ಸಭೆಗೆ ಕರೆದರೆ ಹೋಗಿ. ಶಾಲೆ ಬಿಡಿಸುವ ಮೊದಲು ಒಮ್ಮೆ ಅದರ ಒಳಗೆ ಹೋಗಿ, ಮಗುವಿಗೆ ಏನೇನು ಸಿಗುತ್ತದೆ ಎಂದು ಕೇಳಿ. ಅದು ನಿಮ್ಮದೇ ಶಾಲೆ.

ಟೈಲರಣ್ಣನ ಮನೆಯಲ್ಲಿ ಮಶೀನು ಉಳಿಯಿತು. ಮಗಳಿಗೆ ಪಾಠ ಕೇಳಿಸತೊಡಗಿತು. ಎರಡನೇ ತರಗತಿಯ ಒಂದು ವರ್ಷ ಮಾತ್ರ ಹೋಯಿತು. ಅದು ವಾಪಸು ಬರಲಿಲ್ಲ.