ಡೀಸೆಲ್ ಗಾಡಿಯ ಲೆಕ್ಕ

ಒಣದ್ರಾಕ್ಷಿಯ, ನಮ್ಮ ಕಡೆಯ ಬೇದಾಣಿಯ, ತೊಟ್ಟು ಬಿಡಿಸುತ್ತ ಅಂಗಳದಲ್ಲಿ ಕುಳಿತಿದ್ದೆ. ತೊಟ್ಟು ಒಂದು ಬುಟ್ಟಿಗೆ, ಕರ್ರಗಾದ ಹಣ್ಣು ಇನ್ನೊಂದಕ್ಕೆ. ಅರ್ಧ ಮೊರವೂ ಮುಗಿದಿರಲಿಲ್ಲ, ಬಿಳಿ ಬಣ್ಣದ ಸಣ್ಣ ಕಾರೊಂದು ಗೇಟಿನಿಂದ ಒಳಬಂದು ನಾನು ಹಾಸಿದ್ದ ತಾಡಪತ್ರಿಯ ಅಂಚಿಗೇ ನಿಂತಿತು. ಓಡಿಸುತ್ತಿದ್ದವನು ಮಾಳೇಶ, ಹಳೆಯ ಗಾಡಿ ಕೊಡಿಸುವ ಏಜಂಟ. ಪಕ್ಕದಲ್ಲಿ ನನ್ನ ಮಗ ಭರತ.

“ಕಾಕು, ಬೇದಾಣಿ ಸರಸ್ರಿ, ಗಾಡಿ ಬಂದೈತಿ,” ಎಂದ ಮಾಳೇಶ.

“ಗಾಡಿ ಸರಸೋ. ಬೇದಾಣಿ ಮೊದಲ ಬಂದೈತಿ,” ಎಂದೆ.

ಕಟ್ಟೆಯ ಮೇಲೆ ಮಲಗಿದ್ದ ನಮ್ಮವರು ನಕ್ಕರು. ಅವರು ನಕ್ಕಿದ್ದು ಕೇಳಿ ಬಹಳ ದಿನಗಳಾಗಿದ್ದವು.

ನಮ್ಮವರ, ಬಾಬಾಸಾಹೇಬರ, ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ ಎರಡು ಸಲ ಮಿರಜಿಗೆ ಹೋಗಿ ಮಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ತಾವೇ ಬೆಳೆದ ದ್ರಾಕ್ಷಿ ತಿನ್ನುವ ಹಾಗಿಲ್ಲ, ನೀರು ಸಹ ಅಳೆದು ಕುಡಿಯಬೇಕು. ಅಥಣಿಯಿಂದ ಬಾಡಿಗೆ ಜೀಪು ತರಿಸುತ್ತಿದ್ದೆವು. ಮದುವೆಯ ಸುಗ್ಗಿ ಶುರುವಾದರೆ ಡ್ರೈವರ್ ಫೋನೇ ಎತ್ತುವುದಿಲ್ಲ. ಹಿಂದಿನ ವಾರ ಬಸ್ಸಿಗೆ ಹೋದೆವು. ಬರುವಾಗ ಕಾಗವಾಡ ದಾಟುವಷ್ಟರಲ್ಲಿ ಅವರಿಗೆ ಕಣ್ಣು ಕತ್ತಲೆ ಬಂತು. ಬಸ್ಸಿನ ನೆಲದ ಮೇಲೆ, ಜನರ ಚಪ್ಪಲಿಗಳ ನಡುವೆ ಮಲಗಿ ಊರು ಮುಟ್ಟಿದರು. ಮನೆಗೆ ಬಂದವರೇ, “ಇನ್ನೊಮ್ಮೆ ಹಿಂಗ ಒಯ್ಯೂದಾದ್ರ ನಾ ಬರಾಂಗಿಲ್ಲ” ಎಂದರು. ಹೋಗುವುದು ನಿಲ್ಲಿಸಿದರೆ ಏನಾಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಕಾರಿನ ಮಾತು ಬಂದದ್ದು ಹಾಗೆ.

ನಮ್ಮವರು ಕಟ್ಟೆಯಿಂದ ಇಳಿದು, ಗೋಡೆ ಹಿಡಿದು ಗಾಡಿಯ ಬಳಿ ಬಂದರು. ಎತ್ತು ಕೊಳ್ಳುವವರ ಹಾಗೆ ಒಂದು ಸುತ್ತು ಹಾಕಿದರು.

“ಪಾಸಿಂಗ್ ಎಲ್ಲಿದಲೇ?” ಎಂದರು ನಂಬರ್ ಪ್ಲೇಟು ನೋಡುತ್ತ.

“ಸಾಂಗಲೀದ್ರಿ ಕಾಕಾ. ಆಸ್ಪತ್ರಿ ಆ ಕಡೇನ ಐತಲ್ಲ, ಗಾಡಿಗೆ ದಾರಿ ಗೊತ್ತೈತಿ. ಇಂವ ಹೊಡೀಲಿಲ್ಲಂದ್ರೂ ತಾನ ಹೋಗತೈತಿ.”

“ತಾನ ಹೋಗೂದಿದ್ರ ನಿನ್ನ ಯಾಕ ಕೂರಿಸಿಕೊಂಡ ಬಂತು?”

ಮುಂದಿನ ಸೀಟಿಗೆ ಹತ್ತಿ ಕುಳಿತರು. ಮಾಳೇಶ ಪಕ್ಕದ ಹಿಡಿಕೆ ಎತ್ತಿ ಸೀಟನ್ನು ಹಿಂದಕ್ಕೆ ಬಾಗಿಸಿದ. ಅವರು ಹಾಗೆಯೇ ಒರಗಿ, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, “ಹಿಂಗ ಮಲಕೊಂಡ ಬಂದ್ರ ಬರಬಹುದು,” ಎಂದರು. ನನಗೆ ಅಷ್ಟು ಸಾಕಿತ್ತು.

ಭರತ ಬಾನೆಟ್ ಎತ್ತಿ ಒಳಗೆ ನೋಡುತ್ತಿದ್ದ. “ಪೆಟ್ರೋಲ್ ಗಾಡಿ ಸಿಗೂದಿಲ್ಲೇನು?” ಎಂದು ಕೇಳಿದ.

“ಸಿಗತಾವು. ಆದ್ರ ಹೋಗಿ ಬಂದ್ರ ನೂರು ಕಿಲೋಮೀಟರ್ ಮ್ಯಾಲ ಆಗತೈತಿ, ನಿನಗ ಡೀಸೆಲ್ಲನ ಚಲೋ. ಆದ್ರ ಒಂದ ಮಾತ ಭರತಣ್ಣಾ. ಡೀಸೆಲ್ ಅಂದ್ರ ರನಿಂಗ್ ಇರಬೇಕು. ಓಡತಿದ್ರ ಲಾಭ, ನಿತ್ತರ ಲುಕ್ಸಾನ. ನಿಲ್ಲಿಸಿಬಿಟ್ರ ಡೀಸೆಲ್ ಪಂಪ್ ಜಾಮ್ ಆಗಿ ಕೂಡತೈತಿ. ನಾಲ್ಕೈದ ವರ್ಷ ಹಿಂಗ ಓಡೂದಿದ್ರ ಕಣ್ಣ ಮುಚ್ಚಿ ತಗೋ. ವರ್ಷದಾಗ ಬಂದ್ ಆಗೂದಿದ್ರ ಬ್ಯಾಡ.”

ಮಾಳೇಶ ಗಾಡಿಯ ಮಾತು ಆಡಿದ್ದ, ಅವನಲ್ಲಿ ತಪ್ಪಿಲ್ಲ. ಭರತ ಬಾನೆಟ್ ಮುಚ್ಚಿ ಗಾಜಿನ ಒಳಗೆ ಒರಗಿದ್ದ ಅಪ್ಪನನ್ನು ನೋಡಿದ. ಆ ನೋಟ ನಾನು ನೋಡಬಾರದಾಗಿತ್ತು. ಸಂತೆಯಲ್ಲಿ ದನದ ಹಲ್ಲು ನೋಡುವವರು ಹಾಗೆ ನೋಡುತ್ತಾರೆ.

“ಎರಡ ದಿನಾ ಟೈಮ್ ಕೊಡು,” ಎಂದ.

ಮುಂದಿನ ಸಲ ಹೇಗೋ ಬಾಡಿಗೆ ಜೀಪು ಸಿಕ್ಕಿತು, ಮಿರಜಿಗೆ ಅವನೇ ಜೊತೆಗೆ ಬಂದ. ನಮ್ಮವರನ್ನು ಮಷಿನ್ನಿಗೆ ಹಚ್ಚಿದ ಮೇಲೆ ಡಾಕ್ಟರನ್ನು ಬಾಗಿಲ ಹೊರಗೆ ನಿಲ್ಲಿಸಿ ಮರಾಠಿಯಲ್ಲಿ ಕೇಳಿದ: ಇನ್ನು ಅಂದಾಜು ಎಷ್ಟು ವರ್ಷ ಹೀಗೆ ನಡೆಯಬಹುದು? ನಾನು ಬೆಂಚಿನ ಮೇಲಿದ್ದೆ. ಹುಟ್ಟಿದಾಗಿನಿಂದ ಈ ಗಡಿಯಲ್ಲೇ ಇರುವವಳಿಗೆ ಅಷ್ಟು ಮರಾಠಿ ತಿಳಿಯುತ್ತದೆ ಎಂಬುದು ಅವನಿಗೆ ನೆನಪಾಗಲಿಲ್ಲ. ಡಾಕ್ಟರಿಗೆ ಮಗನ ಸಂಕಟ ಎನಿಸಿರಬೇಕು, ಹೆಗಲ ಮೇಲೆ ಕೈಯಿಟ್ಟರು. ಕೆಲವರು ಹತ್ತು ವರ್ಷ ಇರುತ್ತಾರೆ, ಕೆಲವರು ಒಂದು ಹಬ್ಬ ದಾಟುವುದಿಲ್ಲ, ಧೈರ್ಯ ಬಿಡಬೇಡ ಎಂದರು. ಪಾಪ, ಅವರಿಗೆ ಕಾರಿನ ವಿಷಯ ಗೊತ್ತಿರಲಿಲ್ಲ.

ಮರುದಿನ ಮಾಳೇಶ ಮತ್ತೆ ಬಂದ. ನಮ್ಮವರು ಅಂಗಿ ಹಾಕಿಕೊಂಡು, ಟೋಪಿ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು.

“ಬ್ಯಾಡ ಬಿಡು ಮಾಳೇಶ,” ಎಂದ ಭರತ. “ಈಗೇನೋ ಓಡತೈತಿ. ಆಮ್ಯಾಲ ಅದನ್ನ ಯಾರ ಹೊಡೀಬೇಕು? ಬಾಡಿಗಿ ಗಾಡೀನ ಹೆಂಗರ ನೋಡೂಣು.”

ಆಮ್ಯಾಲ. ಆ ಮಾತು ಅಂಗಳದಲ್ಲಿ ಬಿತ್ತು. ಒಳಗೆ ಸೊಸೆ ಮನಿಷಾ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. ಮಾಳೇಶ ತನ್ನ ಕಾಲಿನ ಕಡೆ ನೋಡಿಕೊಂಡ. ನಮ್ಮವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಖರೇ ಐತಿ ಮಾಳೂ,” ಎಂದರು. “ಹಳೇ ಎಂಜಿನ್ನಿನ ಭರೋಸೆ ಮ್ಯಾಲ ಹೊಸಾ ಖರ್ಚ ಯಾರ ಮಾಡ್ತಾರ? ಹುಡುಗಗ ಲೆಕ್ಕ ಬರತೈತಿ. ನಾನ ಕಲಿಸೇನಿ.”

“ಅಪ್ಪಾ, ನಾ ಹಂಗ ಅಂದಿಲ್ಲ,” ಎಂದ ಭರತ.

“ಹಂಗ ಅಂದೀ ಅಂತ ನಾನೂ ಅಂದಿಲ್ಲ.”

ಎದ್ದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಏಳಲಿಲ್ಲ. ನಾನು ಹತ್ತಿರ ಹೋದಾಗ, “ಇನ್ನ ಮಿರಜಿಗೆ ಹೋಗೂದಿಲ್ಲ. ಗಾಡಿ ಹುಡುಕಬ್ಯಾಡ ಅಂತ ಹೇಳ ಅವಗ,” ಎಂದರು.

ಇಷ್ಟೆಲ್ಲ ಗಾಡಿಯ ಹುಡುಕಾಟ ನಡೆದಿತ್ತಲ್ಲ, ನಮ್ಮ ಮಗಳು ದಾನೇಶ್ವರಿಯ ಮನೆ ಆ ಆಸ್ಪತ್ರೆಯ ಹಿಂದಿನ ಓಣಿಯಲ್ಲೇ ಇದೆ. ಮಷಿನ್ನಿನಿಂದ ಎದ್ದು ನಡೆದೇ ಹೋಗಬಹುದು. ಆದರೆ ಕೊಟ್ಟ ಮನೆಯಲ್ಲಿ ಹೆಣ್ಣಿನ ತಂದೆ ತಾಯಿ ರಾತ್ರಿ ಉಳಿಯಬಾರದು ಎಂಬುದು ನಮ್ಮಲ್ಲಿನ ಪದ್ಧತಿ. ಚಹಾ ಕುಡಿದರೂ ನಮ್ಮವರು ಮೊಮ್ಮಗಳ ಕೈಯಲ್ಲಿ ಏನಾದರೂ ಇಟ್ಟೇ ಕಪ್ಪು ಮುಟ್ಟುತ್ತಿದ್ದರು. ರೋಗ ಶುರುವಾದಾಗಲೇ ಬೀಗರಾದ ಅಣ್ಣಾಸಾಬರು ಕಾಗದ ಬರೆದಿದ್ದರು. ಅವರಿಗೆ ಕಿವಿ ಮಂದ, ಫೋನಿನ ಮಾತು ಕೇಳಿಸುವುದಿಲ್ಲ. ಕೆಳಗಿನ ಕೋಣೆ ಖಾಲಿ ಇದೆ, ಇಬ್ಬರೂ ಬಂದು ಇರಿ, ಇದು ನಿಮ್ಮದೇ ಮನೆ ಎಂದು ಬಿಡಿಸಿ ಬರೆದಿದ್ದರು. “ಮಗಳ ಮನ್ಯಾಗ ಉಂಡ ಬಿದ್ದಾನ ಅನಿಸಿಕೊಳ್ಳೂದಕ್ಕಿಂತ ಬಸ್ಸಿನ್ಯಾಗ ಸಾಯೂದ ಚಲೋ” ಎಂದಿದ್ದರು ನಮ್ಮವರು. ಉತ್ತರ ಬರೆಯಲು ನನ್ನನ್ನೂ ಬಿಡಲಿಲ್ಲ. ಆ ಮಾತಿಗೆ ಎರಡು ದೀಪಾವಳಿ ದಾಟಿದ್ದವು. ಗಂಡನ ಮಾನ ಅಂತ ನಾನೂ ಸುಮ್ಮನಿದ್ದೆ.

ಮಾಳೇಶನ ಗಾಡಿ ಆಗಲೇ ಹಿಂದಕ್ಕೆ ಸರಿದು ಹೊರಟುಹೋಗಿತ್ತು. ನಾನು ಒಂದು ಹಾಳೆ ತೆಗೆದುಕೊಂಡು ಕಿಟಕಿಯ ಬಳಿ ಕುಳಿತೆ. ರಾತ್ರಿ ಸಾಲೆಯಲ್ಲಿ ಕಲಿತ ಅಕ್ಷರ, ದೊಡ್ಡದಾಗಿಯೇ ಬರುತ್ತದೆ.

“ಏನ ಬರಿಯಾಕತ್ತಿ?” ಎಂದರು, ಗೋಡೆಯ ಕಡೆಗೇ.

“ಬೀಗರಿಗೆ. ಬರ್ತೇವಿ ಅಂತ.”

“ನನ್ನ ಹೆಸರಲೆ ಬರಿಬ್ಯಾಡ.”

“ನನ್ನ ಹೆಸರಲೇನ ಬರಿಯಾಕತ್ತೇನ್ರಿ.”

“ಜನಾ ಏನಂದಾರು?”

“ಇಲ್ಲಿ ಮಗನ ಅಂದಾನ. ಇನ್ನ ಜನರಿಗೆ ಅನ್ನಾಕ ಏನ ಉಳದೈತಿ? ನಿಮಗ ಅಷ್ಟ ನಾಚಿಕಿ ಆದ್ರ ಅಲ್ಲಿ ಮಾರಿ ಮ್ಯಾಲ ಟಾವೆಲ್ ಹಾಕ್ಕೊಂಡ ಮಲಕೋರಿ.”

ಅವರು ಗೋಡೆಯಿಂದ ಈ ಕಡೆ ಹೊರಳಿದರು. ಬೇಡ ಎನ್ನಲಿಲ್ಲ.

ಬರೆದದ್ದು ಇಷ್ಟೇ: ಅಣ್ಣಾಸಾಬ ಬೀಗರಿಗೆ ರುಕ್ಮವ್ವ ಮಾಡುವ ನಮಸ್ಕಾರ. ನಿಮ್ಮ ಕಾಗದಕ್ಕೆ ಉತ್ತರ ಬಹಳ ತಡವಾಯಿತು. ನಾವಿಬ್ಬರೂ ಬಂದು ನಿಮ್ಮ ಕೆಳಗಿನ ಕೋಣೆಯಲ್ಲಿ ಇರುತ್ತೇವೆ. ಎಷ್ಟು ದಿನ ಎಂದು ಬರೆಯಲಾರೆ. ಅದನ್ನು ಕೇಳದೆ ಕರೆದವರು ನೀವೊಬ್ಬರೇ.

ಚಪ್ಪಲಿ ಮೆಟ್ಟುವಾಗ ಭರತ ಬೈಕಿನ ಬಳಿ ನಿಂತಿದ್ದ. “ಎಲ್ಲಿಗವ್ವ? ಬಿಡಲೇನು?”

“ಪೋಸ್ಟಿಗೆ. ನಿಮ್ಮಪ್ಪನ್ನ ಕರಕೊಂಡ ಮಿರಜಿನ್ಯಾಗ ಇರಾಕ ಹೊಂಟೇನಿ, ದಾನವ್ವನ ಮನ್ಯಾಗ. ನಿನಗ ಗಾಡಿ ಚಿಂತಿ ಹೋತು.”

ಹೆತ್ತವಳಿಗೆ ಮಗನ ಮುಖ ಓದಲು ಯಾವ ಸಾಲೆಯೂ ಬೇಕಿಲ್ಲ. ಅದರಲ್ಲಿ ಮೊದಲು ಬಂದದ್ದು ನಿರಾಳ. ನಾಚಿಕೆ ಅದರ ಹಿಂದೆ, ತಡವಾಗಿ ಬಂತು. “ಯವ್ವಾ, ಊರ ಮುಂದ ನನ್ನ ಮರ್ಯಾದಿ…” ಎಂದು ಶುರು ಮಾಡಿದ. ನಾನು ಕೇಳುತ್ತ ನಿಲ್ಲಲಿಲ್ಲ.

ಪೋಸ್ಟ್ ಆಫೀಸಿನವರೆಗೆ ನಡೆದೇ ಹೋದೆ. ತಿಕೀಟು ಹಚ್ಚಿಸಿ, ವಿಳಾಸವನ್ನು ಇನ್ನೊಮ್ಮೆ ಓದಿಕೊಂಡು, ಕಾಗದವನ್ನು ಡಬ್ಬಿಗೆ ಹಾಕಿದೆ.